ಹಳ್ಳಿಯ ಬಸ್ಸು ಮತ್ತು ಅದರ ಹೊತ್ತು

ಪಟ್ಟಣಗಳಲ್ಲಿ ವಾಸಮಾಡುವ ನಾವು ಬಸ್ಸಿನ ವಿಚಾರವಾಗಿ ಮಾತನಾಡುವಾಗ ಸಾಮಾನ್ಯವಾಗಿ ಅದರ ನೂಕುನುಗ್ಗಲನ್ನು ಕುರಿತೋ ಅದರ ದರವನ್ನು ಕುರಿತೋ ಮಾತನಾಡುತ್ತೇವೆ. ಒಂದು ಬಸ್ಸು ತಪ್ಪಿದರೆ ಸ್ವಲ್ಪ ಹೊತ್ತಿನಲ್ಲಿ ಇನ್ನೊಂದು ಬಂದೀತೆಂಬ ಧೈರ್ಯ ನಮ್ಮ ಮಾತಿನ ಹಿಂದೆ ಯಾವಾಗಲೂ ಇರುತ್ತದೆ. ಹಳ್ಳಿಯವರ ಮಾತಿನ ರೀತಿಯೇ ಬೇರೆ. ಅಲ್ಲಿ ಬಸ್ಸಿಗೆ ನಂಬರಿಲ್ಲ. ಹೊತ್ತೇ ಅದರ ಹೆಸರು. ಏಳೂವರೆಯ ಬಸ್ಸು, ಹನ್ನೊಂದರ ಬಸ್ಸು, ಕಡೇ ಬಸ್ಸು ಎಂದು ಜನ ಅವನ್ನು ಗುರುತಿಸುತ್ತಾರೆ. ಏಳೂವರೆಯ ಬಸ್ಸು ಎಂಟೂಕಾಲಿಗೆ ಬಂದರೂ ಅದು ಏಳೂವರೆಯ ಬಸ್ಸೇ. ಅದು ಬರದೆಹೋದ ದಿನ ಆಸ್ಪತ್ರೆಗೆ ಹೊರಟವರು ಮನೆಗೆ ಹಿಂದಿರುಗುತ್ತಾರೆ, ಸೊಪ್ಪಿನ ಗಂಟು ಕಟ್ಟೆಯ ಮೇಲೆ ಬಾಡುತ್ತದೆ, ಕಾಲೇಜಿನ ಹಾಜರಿ ಪುಸ್ತಕದಲ್ಲಿ ಒಂದು ಸಾಲು ಹೆಸರುಗಳ ಮುಂದೆ ಗೈರುಹಾಜರಿಯ ಗುರುತು ಬೀಳುತ್ತದೆ.

ಗ್ರಾಮಾಂತರ ವಾಹನಸೌಕರ್ಯದ ವಿಷಯದಲ್ಲಿ ಸರ್ಕಾರದ ನೀತಿ ಹೇಗಿದೆ, ಹೇಗಿರಬಹುದು ಎಂಬುದನ್ನು ಕುರಿತು ಈ ಹೊತ್ತು ಕೆಲವು ಮಾತುಗಳನ್ನು ಹೇಳಬೇಕೆಂದಿದ್ದೇವೆ. ನಮ್ಮ ಅಭಿಪ್ರಾಯವನ್ನು ಮೊದಲೇ ತಿಳಿಸಿಬಿಡುವುದು ಲೇಸು. ಸರ್ಕಾರದವರು ಹಳ್ಳಿಗೆ ರಸ್ತೆಯನ್ನು ಕೊಡುವುದಾಗಿ ಮಾತುಕೊಟ್ಟಿದ್ದಾರೆ. ಟಿಕೆಟ್ಟನ್ನೂ ಅರ್ಧದಷ್ಟು ಜನಕ್ಕೆ ಪುಕ್ಕಟೆಯಾಗಿ ಕೊಟ್ಟಿದ್ದಾರೆ. ಆದರೆ ಹೊತ್ತನ್ನು ಕೊಡುವುದಾಗಿ ಮಾತ್ರ ಎಲ್ಲಿಯೂ ಮಾತುಕೊಟ್ಟಿಲ್ಲ. ಹಳ್ಳಿಯವನಿಗೆ ಮುಖ್ಯವಾಗಿ ಬೇಕಾದದ್ದು ಈ ಮೂರನೆಯದು.

ರಸ್ತೆಯ ಸಂಗತಿಯನ್ನು ನೋಡೋಣ. 1943ರಲ್ಲಿ ದೇಶದ ಮುಖ್ಯ ಎಂಜಿನಿಯರುಗಳೆಲ್ಲ ನಾಗಪುರದಲ್ಲಿ ಸೇರಿ ಒಂದು ಯೋಜನೆಯನ್ನು ಸಿದ್ಧಪಡಿಸಿದರು. ವ್ಯವಸಾಯ ಚೆನ್ನಾಗಿ ನಡೆಯುವ ಪ್ರದೇಶದಲ್ಲಿ ಯಾವ ಹಳ್ಳಿಯೂ ಮುಖ್ಯ ರಸ್ತೆಯಿಂದ 5 ಮೈಲಿಗಿಂತ ದೂರವಿರಬಾರದೆಂಬುದು ಅದರ ಗುರಿಗಳಲ್ಲಿ ಒಂದು. ಯುದ್ಧ ನಡೆಯುತ್ತಿದ್ದ ದಿನಗಳಲ್ಲಿ, ಪೆಟ್ರೋಲು ಸಿಕ್ಕದೆ ಬಸ್ಸುಗಳು ಬೆನ್ನಿಗೆ ಇದ್ದಿಲಿನ ಒಲೆಯನ್ನು ಕಟ್ಟಿಕೊಂಡು ಏದುತ್ತ ಓಡುತ್ತಿದ್ದ ದಿನಗಳಲ್ಲಿ, ಅಷ್ಟು ಸ್ಪಷ್ಟವಾದ ಅಂಕಿಯೊಂದನ್ನು ಕಾಗದದ ಮೇಲೆ ಬರೆದದ್ದು ಸಣ್ಣ ವಿಷಯವಲ್ಲ. 2000ದ ಡಿಸೆಂಬರ್ 25ರಂದು ಆರಂಭವಾದ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯೂ ಅದೇ ಜಾಡಿನದು. ಬಯಲುಸೀಮೆಯಲ್ಲಿ 500 ಜನವಸತಿಯುಳ್ಳ ಊರುಗಳಿಗೂ ಗುಡ್ಡಗಾಡಿನಲ್ಲಿ 250 ಜನವಸತಿಯುಳ್ಳ ಊರುಗಳಿಗೂ ಎಲ್ಲ ಕಾಲದಲ್ಲಿಯೂ ಓಡಾಡಬಹುದಾದ ರಸ್ತೆಯನ್ನು ಮಾಡಿಕೊಡುವುದು ಅದರ ನಿಯಮ. ಅಂಕಿ ಇದ್ದುದರಿಂದ ಕೇಳುವುದಕ್ಕೆ ಬಾಯಿ ಬಂತು. ನಮ್ಮೂರಿನಲ್ಲಿ ಇಷ್ಟು ಜನರಿದ್ದೇವೆ, ರಸ್ತೆ ಎಲ್ಲಿ ಎಂದು ಪಂಚಾಯಿತಿಯವರು ಅರ್ಜಿ ಬರೆಯುವುದಕ್ಕೆ ಒಂದು ಆಧಾರ ದೊರಕಿತು. ಅನೇಕ ಕಡೆ ರಸ್ತೆಗಳು ಆಗಿಯೂ ಆದುವು.

ಆದರೆ ಆ ರಸ್ತೆಯ ಮೇಲೆ ಓಡುವುದೇನು? ಮೋಟಾರ್ ಸೈಕಲ್ಲು ಇದ್ದವನ ಮೋಟಾರ್ ಸೈಕಲ್ಲು ಓಡುತ್ತದೆ. ಅದಿಲ್ಲದ ಮುದುಕರೂ ಹೆಂಗಸರೂ ಮಕ್ಕಳೂ ಮೊದಲು ಕೆಸರಿನಲ್ಲಿ ನಡೆಯುತ್ತಿದ್ದವರು ಈಗ ಡಾಮರಿನ ಮೇಲೆ ನಡೆಯುತ್ತಾರೆ. ಇಷ್ಟು ಜನವಿರುವ ಊರಿಗೆ ದಿನಕ್ಕೆ ಇಷ್ಟು ಸಲ ಬಸ್ಸು ಬರಬೇಕೆಂದು ರಸ್ತೆಯ ಅಂಕಿಗೆ ಸರಿಸಮನಾದ ಮಾತು ಅಲ್ಲಿ ಇಲ್ಲ.

ಬಸ್ಸಿನ ಇತಿಹಾಸ ನಮ್ಮ ನಾಡಿನ ಮಟ್ಟಿಗೆ ಗೌರವಕ್ಕೆ ಪಾತ್ರವಾದುದೇ. 1948ರ ಸೆಪ್ಟೆಂಬರ್ 12ರಂದು ಮೈಸೂರು ಸರ್ಕಾರದ ರಸ್ತೆಸಾರಿಗೆ ಇಲಾಖೆ 120 ಬಸ್ಸುಗಳೊಡನೆ ಕೆಲಸವನ್ನಾರಂಭಿಸಿತು. 1961ರ ಆಗಸ್ಟ್ 1ರಂದು ಆ ಕೆಲಸ ಒಂದು ನಿಗಮದ ಕೈಗೆ ಬಂದಿತು. 1997ರಲ್ಲಿ ಬೆಂಗಳೂರಿನ ನಗರಸಾರಿಗೆಯೂ ವಾಯವ್ಯ ಭಾಗವೂ ಬೇರೆಯಾದುವು; 2000ದಲ್ಲಿ ಕಲಬುರಗಿಯನ್ನು ಕೇಂದ್ರವಾಗಿಟ್ಟುಕೊಂಡು ನಾಲ್ಕನೆಯದೂ ಹುಟ್ಟಿತು. ಸರ್ಕಾರ ಬಸ್ಸು ನಡೆಸಬೇಕೆಂಬುದಕ್ಕೆ ಆಗ ಹೇಳುತ್ತಿದ್ದ ಕಾರಣಗಳಲ್ಲಿ ಒಂದು ಬಹು ಯುಕ್ತವಾದುದು. ಖಾಸಗಿಯವರು ಲಾಭ ಬರುವ ರಸ್ತೆಯಲ್ಲಿ ಒಬ್ಬರ ಹಿಂದೊಬ್ಬರು ಓಡುತ್ತಾರೆ, ಲಾಭವಿಲ್ಲದ ಹಳ್ಳಿಯ ಕಡೆ ಮುಖ ತಿರುಗಿಸುವುದಿಲ್ಲ. ಸರ್ಕಾರವಾದರೆ ದೊಡ್ಡ ರಸ್ತೆಯಲ್ಲಿ ಗಳಿಸಿದ್ದನ್ನು ಸಣ್ಣ ರಸ್ತೆಯಲ್ಲಿ ಕಳೆಯಬಹುದು. ಒಂದು ಮನೆಯಲ್ಲಿ ಸಂಪಾದಿಸುವ ಮಗನ ದುಡ್ಡಿನಿಂದ ಓದುವ ಮಗನ ಖರ್ಚು ನಡೆದಂತೆ.

ಈ ಏರ್ಪಾಟಿನಲ್ಲಿ ಒಂದು ಕೊರತೆಯಿತ್ತು. ಓದುವ ಮಗನಿಗೆ ಎಷ್ಟು ಕೊಡಬೇಕೆಂಬುದನ್ನು ಯಾರೂ ಬರೆದಿಡಲಿಲ್ಲ. ನಿಗಮ ಕೈಕಟ್ಟಿಗೆ ಬಂದಾಗ, ಡೀಸೆಲ್ಲಿನ ಬೆಲೆ ಏರಿದಾಗ, ಚಾಲಕರ ಸಂಖ್ಯೆ ಕಡಮೆಯಾದಾಗ ಡಿಪೋದ ಮೇನೇಜರು ಏನು ಮಾಡಬೇಕು? ಕಿಲೋಮೀಟರಿಗೆ ಎಷ್ಟು ವರಮಾನ ಬಂತೆಂಬ ಪಟ್ಟಿ ಅವರ ಮುಂದಿರುತ್ತದೆ. ಅದರ ಕೆಳತುದಿಯಲ್ಲಿ ಹಳ್ಳಿಯ ಟ್ರಿಪ್ಪುಗಳೇ ಇರುತ್ತವೆ. ಗಾಡಿ ಕೆಟ್ಟುನಿಂತ ದಿನ ಬೆಂಗಳೂರಿನ ವೇಗದೂತ ನಿಲ್ಲುವುದಿಲ್ಲ, ಹಳ್ಳಿಯ ಗಾಡಿ ನಿಲ್ಲುತ್ತದೆ. ಅದನ್ನೇ ವೇಗದೂತದ ಬದಲಿಗೆ ಕಳುಹಿಸುತ್ತಾರೆ. ಮೇನೇಜರನ್ನು ಇದಕ್ಕಾಗಿ ದೂರುವುದು ಅನ್ಯಾಯ. ಯಾವುದನ್ನು ಲೆಕ್ಕ ಕೇಳುತ್ತಾರೋ ಅದನ್ನು ಅವರು ಕಾಪಾಡುತ್ತಾರೆ, ಕೇಳದಿರುವುದನ್ನು ಬಿಡುತ್ತಾರೆ.

2023ರ ಜೂನ್ 11ರಂದು ಕರ್ನಾಟಕದಲ್ಲಿ ಶಕ್ತಿ ಯೋಜನೆ ಜಾರಿಗೆ ಬಂದಿತು. ನಾಲ್ಕು ನಿಗಮಗಳ ಸಾಮಾನ್ಯ ಬಸ್ಸುಗಳಲ್ಲಿ ರಾಜ್ಯದ ಹೆಂಗಸರು ಹಣ ಕೊಡದೆ ಪ್ರಯಾಣಮಾಡಬಹುದೆಂದಾಯಿತು. ತಮಿಳುನಾಡಿನಲ್ಲಿ ಇಂಥದೇ ಏರ್ಪಾಟು 2021ರಲ್ಲಿಯೇ ಬಂದಿತ್ತು. ನಮ್ಮ ವಿದ್ಯಾವಂತ ಮಿತ್ರರಲ್ಲಿ ಕೆಲವರು ಇದನ್ನು ಕುರಿತು ಬಹಳ ಹಾಸ್ಯಮಾಡಿದರು. ಹೆಂಗಸರೆಲ್ಲ ಧರ್ಮಸ್ಥಳಕ್ಕೆ ಹೊರಟರೆಂದರು, ತವರುಮನೆಗೆ ಹೊರಟರೆಂದರು. ಹೊರಟರೆ ಹೊರಡಲಿ, ಗಂಡಸರು ಇಷ್ಟು ವರ್ಷ ಎಲ್ಲಿಗೆ ಹೋಗುತ್ತೇವೆಂದು ಹೇಳಿ ಹೋಗುತ್ತಿದ್ದರೆ? ಕೂಲಿಗೆ ಹೋಗುವ ಹೆಂಗಸಿನ ದಿನದ ಸಂಪಾದನೆಯಲ್ಲಿ ಬಸ್ಸಿನ ದರ ಎಷ್ಟು ಪಾಲನ್ನು ತಿನ್ನುತ್ತಿತ್ತೆಂಬುದನ್ನು ಬಲ್ಲವರು ಈ ಹಾಸ್ಯದಲ್ಲಿ ಸೇರಲಾರರು. ನಾವೂ ಸೇರುವುದಿಲ್ಲ.

ನಮ್ಮ ಆಕ್ಷೇಪಣೆ ಇರುವುದು ಬೇರೊಂದು ಕಡೆ. ಈ ಯೋಜನೆಯಲ್ಲಿ ಸರ್ಕಾರ ನಿಗಮಗಳಿಗೆ ಹಣ ತುಂಬಿಕೊಡುವುದು ಹರಿದುಕೊಟ್ಟ ಶೂನ್ಯ ಟಿಕೆಟ್ಟುಗಳ ಲೆಕ್ಕದ ಮೇಲೆ. ಎಲ್ಲಿ ಬಸ್ಸು ಓಡುತ್ತದೆಯೋ ಅಲ್ಲಿ ಹೆಂಗಸರು ಹತ್ತುತ್ತಾರೆ, ಟಿಕೆಟ್ಟು ಹರಿಯುತ್ತದೆ, ಹಣ ಬರುತ್ತದೆ. ಎಲ್ಲಿ ಬಸ್ಸೇ ಇಲ್ಲವೋ ಅಲ್ಲಿ ಶೂನ್ಯ ಟಿಕೆಟ್ಟೂ ಶೂನ್ಯ. ಅಂದರೆ ಬಸ್ಸಿರುವ ಊರಿನ ಹೆಂಗಸಿಗಾಗಿ ಬೊಕ್ಕಸದಿಂದ ಹಣ ಹೊರಡುತ್ತದೆ, ಬಸ್ಸಿಲ್ಲದ ಊರಿನ ಹೆಂಗಸಿಗಾಗಿ ಒಂದು ಕಾಸೂ ಹೊರಡುವುದಿಲ್ಲ. ಆಕೆ ಟೆಂಪೋವಿನವನಿಗೆ ಕೈಯಿಂದಲೇ ಕೊಡಬೇಕು. ದಕ್ಷಿಣ ಕನ್ನಡ, ಉಡುಪಿ, ಮಲೆನಾಡಿನ ಹಲವು ಭಾಗಗಳಲ್ಲಿ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸುಗಳಾದ್ದರಿಂದ ಅಲ್ಲಿನವರಿಗೆ ಯೋಜನೆಯ ಫಲ ಸಿಕ್ಕಿದ್ದು ಅಲ್ಪ. ಇದು ಯಾರ ದುರುದ್ದೇಶವೂ ಅಲ್ಲ. ಟಿಕೆಟ್ಟನ್ನು ನೋಡಿ ಹಣ ಕೊಡುವ ಪದ್ಧತಿಯ ಸ್ವಭಾವವೇ ಹಾಗೆ.

ನಮ್ಮಂಥ ಅಧ್ಯಾಪಕರಿಗೆ ಈ ಸಂಗತಿ ತರಗತಿಯಲ್ಲಿಯೇ ಕಾಣುತ್ತದೆ. ಕಾಲೇಜಿನ ವೇಳಾಪಟ್ಟಿಯನ್ನು ಪ್ರಿನ್ಸಿಪಾಲರು ರಚಿಸುತ್ತಾರೆಂದು ಹೊರಗಿನವರು ತಿಳಿದಿದ್ದಾರೆ. ತಾಲ್ಲೂಕಿನ ಕಾಲೇಜುಗಳಲ್ಲಿ ಅದನ್ನು ನಿಜವಾಗಿ ರಚಿಸುವವರು ಡಿಪೋದವರು. ಮೊದಲನೆಯ ಪಿರಿಯಡ್ಡಿನಲ್ಲಿ ಹಿಂದಿನ ಬೆಂಚುಗಳು ಖಾಲಿ. ಬಸ್ಸು ಬಂದ ಮೇಲೆ ಒಮ್ಮೆಗೇ ತುಂಬುತ್ತವೆ. ಸಾಯಂಕಾಲ ಪ್ರಯೋಗಶಾಲೆಯಲ್ಲಿ ಕೆಲಸ ಅರ್ಧಕ್ಕೆ ಬಂದಿರುವಾಗ ಕಿಟಕಿಯ ಕಡೆ, ಗಡಿಯಾರದ ಕಡೆ ಕಣ್ಣುಗಳು ಹೋಗತೊಡಗುತ್ತವೆ. ಕೇಳಿದರೆ ಕಡೇ ಬಸ್ಸು, ಸಾರ್ ಎಂಬ ಒಂದೇ ಉತ್ತರ. ಹುಡುಗರು ಹೇಗೋ ಯಾರದಾದರೂ ಗಾಡಿಯ ಹಿಂದೆ ಕುಳಿತು ಊರು ಸೇರುತ್ತಾರೆ. ಹುಡುಗಿಯರ ಮಾತು ಹಾಗಲ್ಲ. ಕಡೇ ಬಸ್ಸು ತಪ್ಪಿ ಮಗಳು ಒಂದು ಸಲ ಕತ್ತಲಾದ ಮೇಲೆ ಮನೆಗೆ ಬಂದರೆ, ಎರಡನೆಯ ಸಲ ಹಾಗಾದಾಗ, ಮನೆಯಲ್ಲಿ ಹಿರಿಯರು ಕೂತು ಒಂದು ತೀರ್ಮಾನಕ್ಕೆ ಬರುತ್ತಾರೆ. ಅವರೇನೂ ವಿದ್ಯೆಯ ವೈರಿಗಳಲ್ಲ. ನಮ್ಮ ಮಗಳೇ ಆಗಿದ್ದರೆ ನಾವು ಬೇರೆ ತೀರ್ಮಾನ ಮಾಡುತ್ತಿದ್ದೆವೆಂದು ಹೇಳುವ ಧೈರ್ಯ ನಮಗಿಲ್ಲ. ಮುಂದಿನ ವರ್ಷದ ಹಾಜರಿ ಪುಸ್ತಕದಲ್ಲಿ ಆ ಹೆಸರು ಇರುವುದಿಲ್ಲ. ಪಾಸು ಆಕೆಗೆ ಪುಕ್ಕಟೆಯಾಗಿಯೇ ಇತ್ತು.

ಹಾಗಾದರೆ ಖಾಲಿ ಬಸ್ಸುಗಳನ್ನು ಎಲ್ಲ ಹಳ್ಳಿಗಳಿಗೂ ಗಂಟೆಗೊಂದರಂತೆ ಓಡಿಸಬೇಕೆ ಎಂದು ಯಾರಾದರೂ ಕೇಳಬಹುದು. ಬೇಕಾಗಿಲ್ಲ. ಹಳ್ಳಿಯ ಪ್ರಯಾಣಕ್ಕೆ ಒಂದು ವಿಶೇಷ ಲಕ್ಷಣವುಂಟು: ಬೆಳಿಗ್ಗೆ ಎಲ್ಲರೂ ಒಂದೇ ದಿಕ್ಕಿಗೆ ಹೊರಡುತ್ತಾರೆ, ಸಾಯಂಕಾಲ ಎಲ್ಲರೂ ಅದರ ಎದುರು ದಿಕ್ಕಿಗೆ. ಪಟ್ಟಣದಿಂದ 18 ಕಿಲೋಮೀಟರು ದೂರದಲ್ಲಿ ಒಂದು ಊರಿದೆಯೆಂದು ಇಟ್ಟುಕೊಳ್ಳೋಣ. ಬೆಳಿಗ್ಗೆ ಡಿಪೋದಿಂದ ಹೊರಟ ಬಸ್ಸು 18 ಕಿಲೋಮೀಟರು ಖಾಲಿ ಹೋಗಿ 18 ಕಿಲೋಮೀಟರು ತುಂಬಿ ಬರುತ್ತದೆ. ಸಾಯಂಕಾಲ ತುಂಬಿ ಹೋಗಿ ಖಾಲಿ ಬರುತ್ತದೆ. ಒಟ್ಟು 72ರಲ್ಲಿ 36 ವ್ಯರ್ಥ. ಅದೇ ಬಸ್ಸು ಸಾಯಂಕಾಲ ಊರಿಗೆ ಹೋಗಿ ರಾತ್ರಿ ಅಲ್ಲಿಯೇ ತಂಗಿ ಬೆಳಿಗ್ಗೆ ಹೊರಟರೆ 36 ಕಿಲೋಮೀಟರಿನಲ್ಲಿ ಅಷ್ಟೇ ಜನರ ಕೆಲಸ ನಡೆಯುತ್ತದೆ. ಜನರಿಗೂ ಅನುಕೂಲ, ಏಕೆಂದರೆ ಊರಿನಲ್ಲಿಯೇ ಮಲಗಿದ ಬಸ್ಸು ಬೆಳಿಗ್ಗೆ ಬಾರದಿರುವುದಕ್ಕೆ ಆಸ್ಪದವಿಲ್ಲ.

ಇದು ಹೊಸ ಉಪಾಯವೇನೂ ಅಲ್ಲ. ಹಾಲ್ಟಿಂಗ್ ಬಸ್ಸು ಎಂಬುದು ನಮ್ಮ ಹಳ್ಳಿಗಳ ಹಳೆಯ ನೆಂಟ. ದೇವಸ್ಥಾನದ ಮುಂದೆಯೋ ಶಾಲೆಯ ಪಕ್ಕದಲ್ಲಿಯೋ ಅದು ನಿಲ್ಲುತ್ತಿತ್ತು. ಚಾಲಕನೂ ನಿರ್ವಾಹಕನೂ ಅದರೊಳಗಿನ ಸೀಟುಗಳ ಮೇಲೆಯೇ ಮಲಗುತ್ತಿದ್ದರು. ಯಾರ ಮನೆಯಿಂದಲೋ ಅವರಿಗೆ ಊಟ ಬರುತ್ತಿತ್ತು. ಪಟ್ಟಣದಿಂದ ಔಷಧಿ, ಬೀಗರಿಗೊಂದು ಮಾತು, ಅಂಗಡಿಯ ಚೀಟಿ ಅವರ ಕೈಯಲ್ಲಿ ಹೋಗಿಬರುತ್ತಿದ್ದುವು. ಇಂದಿಗೂ ಹಲವು ಊರುಗಳಲ್ಲಿ ಈ ಬಸ್ಸುಗಳಿವೆ. ನಿಂತುಹೋದ ಊರುಗಳಲ್ಲಿ ವಿಚಾರಿಸಿದರೆ ಕಾರಣ ಅನೇಕ ವೇಳೆ ಡೀಸೆಲ್ಲೂ ಅಲ್ಲ, ವರಮಾನವೂ ಅಲ್ಲ. ತಂಗುವವರಿಗೆ ಒಂದು ಕೊಠಡಿಯಿಲ್ಲ, ಕಕ್ಕಸಿಲ್ಲ, ಸ್ನಾನಕ್ಕೆ ನೀರಿಲ್ಲ. ಸೊಳ್ಳೆಗಳ ನಡುವೆ ಸೀಟಿನ ಮೇಲೆ ಮುದುಡಿ ಮಲಗೆದ್ದವನು ಬೆಳಗಿನ ಮಂಜಿನಲ್ಲಿ ಘಟ್ಟದ ತಿರುವುಗಳಲ್ಲಿ ಅರವತ್ತು ಜನರ ಜೀವವನ್ನು ಹೊತ್ತು ನಡೆಸಬೇಕು. ನಿರ್ವಾಹಕಿಯಾದರೆ ಅಲ್ಲಿ ಇಳಿದುಕೊಳ್ಳುವ ಪ್ರಶ್ನೆಯೇ ಇಲ್ಲ. ಇಂಥ ಕೆಲಸವನ್ನು ಯಾರಾದರೂ ತಪ್ಪಿಸಿಕೊಳ್ಳಲು ನೋಡಿದರೆ ಆಶ್ಚರ್ಯವೇನು? ಗ್ರಾಮಪಂಚಾಯಿತಿಯೊಂದು ಇಬ್ಬರು ಮಲಗುವಂಥ ಕೊಠಡಿಯನ್ನು ಕಟ್ಟಿಕೊಡುವುದಕ್ಕೆ ದೊಡ್ಡ ಮೊತ್ತ ಬೇಕಿಲ್ಲ. ಹೊಸ ಬಸ್ಸುಗಳ ಮೆರವಣಿಗೆಗೆ ಹಸಿರು ಬಾವುಟ ಬೀಸಿದ ಚಿತ್ರ ಪತ್ರಿಕೆಗಳಲ್ಲಿ ಬರುತ್ತದೆ. ಕೊಠಡಿಗೂ ಕಕ್ಕಸಿಗೂ ಬಾವುಟ ಬೀಸುವವರಿಲ್ಲವಾದ್ದರಿಂದ ಅವು ಹಿಂದೆ ಬೀಳುತ್ತವೆಯೆಂದು ನಮಗೆ ತೋರುತ್ತದೆ.

ಬಸ್ಸು ಇಲ್ಲದ ಕಡೆ ಏನಾಗುತ್ತದೆ? ಸಾಮಾನಿನ ಆಟೋಗಳಲ್ಲಿ, ಟಂಟಂಗಳಲ್ಲಿ, ಟ್ರಾಕ್ಟರಿನ ಟ್ರೇಲರುಗಳಲ್ಲಿ ಜನ ತುಂಬಿಹೋಗುತ್ತಾರೆ. ಸರಕಿನ ಗಾಡಿಯಲ್ಲಿ ಸುಮ್ಮನೆ ಹತ್ತಿ ಕುಳಿತವನಿಗೆ ಅಪಘಾತವಾದರೆ ವಿಮಾ ಕಂಪನಿ ಹೊಣೆಯಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2002ರಲ್ಲಿ ತೀರ್ಪುಕೊಟ್ಟಿದೆ. ಕೂಲಿಗೆ ಹೋಗುವ ಹೆಂಗಸಿಗೆ ಈ ತೀರ್ಪು ತಿಳಿಯದು; ತಿಳಿದರೂ ಆಕೆಗೆ ಬೇರೆ ಗಾಡಿಯಿಲ್ಲ.

ಹಳ್ಳಿಯ ಬಸ್ಸನ್ನು ಸರ್ಕಾರವೇ ನಡೆಸಬೇಕೆಂಬ ಹಟ ನಮಗಿಲ್ಲ. ಕೊಪ್ಪದ ಸಹಕಾರ ಸಾರಿಗೆಯ ಕಥೆ ಈ ಸಂದರ್ಭದಲ್ಲಿ ಜ್ಞಾಪಕಕ್ಕೆ ಬರುತ್ತದೆ. ಅಲ್ಲಿನ ಶಂಕರ ಸಾರಿಗೆ ಕಂಪನಿ ನಿಂತುಹೋದಾಗ ಅದರ ಕಾರ್ಮಿಕರೇ ಒಟ್ಟುಗೂಡಿ 1991ರಲ್ಲಿ ಸಹಕಾರ ಸಂಘವೊಂದನ್ನು ಕಟ್ಟಿದರು. ಕೆಲವೇ ಬಸ್ಸುಗಳಿಂದ ತೊಡಗಿ ಎಪ್ಪತ್ತರ ಆಸುಪಾಸಿಗೆ ಬೆಳೆದರು. ಚಾಲಕರೂ ನಿರ್ವಾಹಕರೂ ತಾವೇ ಒಡೆಯರು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ಕಡೆಯ ಕಾಡುದಾರಿಗಳಲ್ಲಿ ಅವರ ಬಸ್ಸು ಓಡಿತು. ಶಾಲೆಯ ಮಕ್ಕಳಿಗೆ ರಿಯಾಯಿತಿಯನ್ನು ಸಂಘ ತನ್ನ ಕೈಯಿಂದಲೇ ಕೊಟ್ಟಿತು. ಕಾರ್ಮಿಕರು ಉದ್ಯಮವನ್ನು ನಡೆಸಬಲ್ಲರೆಂಬುದಕ್ಕೆ ಉದಾಹರಣೆಯಾಗಿ ಪಟ್ಟಣದವರು ಅದನ್ನು ಹೋಗಿ ನೋಡಿಬಂದು ಲೇಖನಗಳನ್ನು ಬರೆದರು. 2020ರ ಫೆಬ್ರವರಿಯಲ್ಲಿ ಅದು ನಿಂತಿತು. ಡೀಸೆಲ್ಲಿನ ಬೆಲೆಯೂ ಬಿಡಿಭಾಗಗಳ ಖರ್ಚೂ ಏರಿದುವು, ವರಮಾನ ಏರಲಿಲ್ಲ. ಸುಮಾರು ಮೂವತ್ತು ವರ್ಷ ಸರ್ಕಾರ ಮಾಡಬೇಕಾದ ಕೆಲಸವನ್ನು ಮಾಡಿದ ಸಂಸ್ಥೆಗೆ ಆ ಕೆಲಸದ ಬೆಲೆ ಕೊಡಲು ಯಾವ ಲೆಕ್ಕದ ಬಾಬೂ ಇರಲಿಲ್ಲ. ಪ್ರಶಂಸೆಯಿಂದ ಟಯರು ಕೊಳ್ಳುವುದಕ್ಕೆ ಆಗುವುದಿಲ್ಲ.

ನೆರೆಯ ಕೇರಳದವರು 2022ರಲ್ಲಿ ಗ್ರಾಮವಂಡಿ ಎಂಬ ಹೆಸರಿನಿಂದ ಒಂದು ಪ್ರಯೋಗವನ್ನು ಆರಂಭಿಸಿದರು. ಬಸ್ಸೂ ಸಿಬ್ಬಂದಿಯೂ ಸಾರಿಗೆ ನಿಗಮದ್ದು. ಡೀಸೆಲ್ಲಿನ ಖರ್ಚು ಪಂಚಾಯಿತಿಯದು. ಯಾವ ದಾರಿಯಲ್ಲಿ, ಯಾವ ಹೊತ್ತಿನಲ್ಲಿ ಓಡಬೇಕೆಂಬುದನ್ನು ಪಂಚಾಯಿತಿಯೇ ಹೇಳುತ್ತದೆ. ತಿರುವನಂತಪುರ ಜಿಲ್ಲೆಯ ಕೊಲ್ಲಯಿಲ್ ಪಂಚಾಯಿತಿಯಲ್ಲಿ ಮೊದಲನೆಯದು ಹೊರಟಿತು. ಇದರಲ್ಲಿ ನಮಗೆ ಹಿಡಿಸಿದ್ದು ಹಣದ ಹಂಚಿಕೆಗಿಂತ ಹೆಚ್ಚಾಗಿ ಹೊತ್ತನ್ನು ಗೊತ್ತುಮಾಡುವ ಅಧಿಕಾರ ಊರಿನವರಿಗೆ ಬಂದದ್ದು. ಬಡ ಪಂಚಾಯಿತಿಗೆ ಡೀಸೆಲ್ಲಿನ ಹಣ ಎಲ್ಲಿಂದ ಬಂದೀತೆಂಬ ಸಂದೇಹ ನಮಗೂ ಉಂಟು. ನಮ್ಮಲ್ಲಿಯಾದರೆ ಆ ಹಣವನ್ನು ರಾಜ್ಯದ ಬೊಕ್ಕಸವೇ ಕೊಡಬೇಕಾದೀತು. ದೂರದ ಸ್ವಿಟ್ಜರ್‌ಲೆಂಡಿನಲ್ಲಿ ವರ್ಷವೆಲ್ಲ ನೂರು ಜನ ವಾಸಿಸುವ ಊರಿದ್ದರೆ ಅದರ ಸಾರಿಗೆಗೆ ಸರ್ಕಾರದ ನೆರವು ಸಿಕ್ಕುವಂತೆ ನಿಯಮ ಮಾಡಿಕೊಂಡಿದ್ದಾರೆ. ಅವರು ಶ್ರೀಮಂತರು, ನಿಜ. ನಮ್ಮಲ್ಲಿ ನೂರರ ಬದಲು ಐನೂರು ಎಂದಿಟ್ಟುಕೊಳ್ಳಬಹುದು; ರಸ್ತೆಗೆ ಆ ಅಂಕಿಯನ್ನು ಆಗಲೇ ಒಪ್ಪಿದ್ದೇವಲ್ಲ.

ಕಾನೂನಿನ ಅಡ್ಡಿಯೂ ಇಲ್ಲ. 1988ರ ಮೋಟಾರು ವಾಹನಗಳ ಅಧಿನಿಯಮಕ್ಕೆ 2019ರಲ್ಲಿ ಮಾಡಿದ ತಿದ್ದುಪಡಿಯಿಂದ, ಗ್ರಾಮಾಂತರ ಸಾರಿಗೆಗಾಗಿ ಬೇರೆ ಯೋಜನೆಗಳನ್ನು ಮಾಡಿ ಪರವಾನಗಿಗಳನ್ನು ಕೊಡುವ ಅಧಿಕಾರ 67ನೆಯ ಕಲಮಿನಲ್ಲಿ ರಾಜ್ಯಸರ್ಕಾರಗಳಿಗೆ ಬಂದಿದೆ. ಇಪ್ಪತ್ತು ಸೀಟಿನ ಸಣ್ಣ ಗಾಡಿ ಹಳ್ಳಿಗಳನ್ನು ಸುತ್ತಿ ಹೋಬಳಿಗೆ ಬರಲಿ. ಅಲ್ಲಿಂದ ದೊಡ್ಡ ಬಸ್ಸು ಅದಕ್ಕಾಗಿ ಐದು ನಿಮಿಷ ಕಾಯಲಿ. ಆ ಗಾಡಿ ನಿಗಮದ್ದಾಗಲಿ, ಸಂಘದ್ದಾಗಲಿ, ಊರಿನ ಒಬ್ಬನದಾಗಲಿ, ಹಣವನ್ನು ಕೊಡಬೇಕಾದದ್ದು ಹರಿದ ಟಿಕೆಟ್ಟಿಗಲ್ಲ, ಹೇಳಿದ ಹೊತ್ತಿಗೆ ಓಡಿದ ಕಿಲೋಮೀಟರಿಗೆ. ಬೆಳಿಗ್ಗೆ ಒಂದು, ಆಸ್ಪತ್ರೆಗೂ ಕಚೇರಿಗೂ ಹೋಗುವವರಿಗಾಗಿ ನಡುಹಗಲಿನಲ್ಲಿ ಒಂದು, ಸಾಯಂಕಾಲ ಕಾಲೇಜು ಬಿಟ್ಟು ಮುಕ್ಕಾಲು ಗಂಟೆಯ ಮೇಲೆ ಒಂದು: ಮೊದಲಿಗೆ ಇಷ್ಟಾದರೆ ಸಾಕು. ಆ ಹೊತ್ತುಗಳನ್ನು ಪಂಚಾಯಿತಿಯ ಗೋಡೆಯ ಮೇಲೆ ಬಣ್ಣದಲ್ಲಿ ಬರೆಯಿಸಬೇಕು. ಬಸ್ಸು ಬಾರದ ದಿನವನ್ನು ಅಲ್ಲಿನ ಗುಮಾಸ್ತರು ಪುಸ್ತಕದಲ್ಲಿ ಗುರುತುಮಾಡಬೇಕು. ತಿಂಗಳ ಕೊನೆಗೆ ಹಣ ಸಂದಾಯವಾಗುವಾಗ ಆ ಪುಸ್ತಕವನ್ನು ನೋಡಬೇಕು. ನಮ್ಮ ವಿದ್ಯಾರ್ಥಿಗಳ ಹಾಜರಿಯನ್ನು ನಾವು ಇಷ್ಟು ಕಟ್ಟುನಿಟ್ಟಾಗಿ ತೆಗೆದುಕೊಳ್ಳುತ್ತೇವೆ. ಬಸ್ಸಿನ ಹಾಜರಿಯನ್ನು ತೆಗೆದುಕೊಳ್ಳುವವರು ಯಾರೂ ಇಲ್ಲ.

ಇವೆಲ್ಲ ಸರ್ಕಾರದ ಮಟ್ಟದಲ್ಲಿ ಆಗಬೇಕಾದ ಕೆಲಸಗಳು, ತಡವಾದೀತು. ಒಂದು ಸಣ್ಣ ಕೆಲಸಕ್ಕೆ ಮಾತ್ರ ಯಾವ ಆಜ್ಞೆಯೂ ಬೇಕಾಗಿಲ್ಲ. ವರ್ಷಾರಂಭದಲ್ಲಿ ಕಾಲೇಜುಗಳು ವೇಳಾಪಟ್ಟಿಯನ್ನು ಹಾಕುವುದಕ್ಕೆ ಮೊದಲು ತಾಲ್ಲೂಕಿನ ಪ್ರಿನ್ಸಿಪಾಲರೂ ಹೈಸ್ಕೂಲಿನ ಮುಖ್ಯೋಪಾಧ್ಯಾಯರೂ ಡಿಪೋದ ಮೇನೇಜರೂ ಒಂದು ಮೇಜಿನ ಸುತ್ತ ಕುಳಿತು, ಯಾವ ಊರಿನಿಂದ ಎಷ್ಟು ಮಕ್ಕಳು ಬರುತ್ತಾರೆಂಬ ಪಟ್ಟಿಯನ್ನು ಮುಂದಿಟ್ಟುಕೊಳ್ಳಬಹುದು. ಊರಿನ ಹೆಸರು ಪ್ರವೇಶದ ಅರ್ಜಿಯಲ್ಲಿಯೇ ಇರುತ್ತದೆ. ಪಟ್ಟಿ ಮಾಡುವುದಕ್ಕೆ ಒಂದು ಮಧ್ಯಾಹ್ನ ಸಾಕು. ಪ್ರಯೋಗದ ತರಗತಿಯನ್ನು ಕಡೆಯ ಪಿರಿಯಡ್ಡಿನಿಂದ ಬೆಳಗಿಗೆ ತರುವುದು ನಮ್ಮ ಕೈಯಲ್ಲಿದೆ. ಕಡೇ ಬಸ್ಸನ್ನು ನಾಲ್ಕೂವರೆಯಿಂದ ಐದೂಕಾಲಿಗೆ ತಳ್ಳುವುದು ಅವರ ಕೈಯಲ್ಲಿದೆ.